ತರಬೇತಿ ಮುಗಿದ ಮೇಲೆ ಕೆಲಸ ನಿಜಕ್ಕೂ ಸುಧಾರಿಸುತ್ತದೆಯೇ?

ಕುಂಬಳೆ ಸಹಕಾರಿ (ಚರ್ಚೆ ಆರಂಭಿಸಿದವರು)

ನಾನು ಕುಂಬಳೆ ಸಮೀಪದ ಸಹಕಾರ ಸಂಘವೊಂದರ ಆಡಳಿತ ವಿಭಾಗದಲ್ಲಿದ್ದೇನೆ. ಮುಂದಿನ ವರ್ಷದ ಮುಂಗಡಪತ್ರದಲ್ಲಿ ನೌಕರರ ತರಬೇತಿಗೆ ಹಣ ಇಡಬೇಕೇ ಎಂಬ ಪ್ರಶ್ನೆ ನಮ್ಮ ಆಡಳಿತ ಮಂಡಳಿಯ ಮುಂದಿದೆ. ನಿರ್ದೇಶಕರಲ್ಲಿ ಹೆಚ್ಚಿನವರು ಬೇಡವೆನ್ನುತ್ತಾರೆ. ಅವರ ಮಾತಿಗೆ ಆಧಾರವಿಲ್ಲದೆ ಇಲ್ಲ. ಲೆಕ್ಕಪತ್ರದ ತಂತ್ರಾಂಶ ಬದಲಾದಾಗ ಎಲ್ಲ ಶಾಖೆಗಳ ಗುಮಾಸ್ತರನ್ನೂ ಹೊರಗಿನ ಸಂಸ್ಥೆಯೊಂದು ನಡೆಸಿದ ವಸತಿ ತರಬೇತಿಗೆ ಕಳುಹಿಸಿದ್ದೆವು. ಮರಳಿ ಬಂದವರೆಲ್ಲ ಅಭಿಪ್ರಾಯ ಪತ್ರದಲ್ಲಿ ‘ಬಹಳ ಉತ್ತಮ’ ಎಂಬ ಚೌಕಕ್ಕೆ ಗುರುತು ಹಾಕಿದ್ದರು. ಆದರೆ ಸಂಜೆ ಲೆಕ್ಕ ಮುಚ್ಚುವ ಹೊತ್ತಿಗೆ ಹಾಕಬೇಕಾದ ತಿದ್ದುಪಡಿ ನಮೂದುಗಳು ಕಡಿಮೆಯಾಗಲಿಲ್ಲ. ಚಿನ್ನದ ಸಾಲದ ಬಡ್ಡಿಯಲ್ಲಿ ಸಂಶಯ ಬಂದಾಗ ಕೇಂದ್ರ ಕಚೇರಿಗೆ ಬರುವ ಫೋನ್ ಕರೆಗಳೂ ನಿಲ್ಲಲಿಲ್ಲ.

ನಮ್ಮವರು ತಿಳಿವಳಿಕೆ ಇಲ್ಲದವರಲ್ಲ. ಜೆಡಿಸಿ ಎಂಬ ಸಹಕಾರ ಡಿಪ್ಲೊಮಾ ಮುಗಿಸಿ ಬಂದವರೇ ಹೆಚ್ಚು. ಸಹಕಾರ ಕಾನೂನು, ಲೆಕ್ಕಶಾಸ್ತ್ರ ಎರಡೂ ಗೊತ್ತು. ತರಬೇತಿಯಿಂದ ಬಂದ ಹೊಸದರಲ್ಲಿ ಕೆಲವರಲ್ಲಿ ಒಂದು ಬಗೆಯ ಹುರುಪು ಕಂಡದ್ದೂ ನಿಜ. ಶಾಖೆಯ ನಿತ್ಯದ ಗಡಿಬಿಡಿಯಲ್ಲಿ ಅದು ಎಲ್ಲಿ ಹೋಯಿತೆಂದು ತಿಳಿಯದು. ತರಬೇತಿಯಿಂದ ಕೆಲಸದ ಗುಣಮಟ್ಟವೂ ನೌಕರರ ಆಸ್ಥೆಯೂ ಹೆಚ್ಚುತ್ತವೆಂಬುದಕ್ಕೆ ನಂಬುವಂಥ ಆಧಾರಗಳಿವೆಯೇ, ಇದ್ದರೆ ನಮ್ಮಂಥ ಸಣ್ಣ ಸಂಸ್ಥೆಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಉಪ್ಪಳ ನಿತ್ಯಪ್ರಯಾಣಿಕ

ನಾನು ಪ್ರತಿದಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿ ಕೆಲಸ ಮಾಡುವವನು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ವೃತ್ತಿಪಕ್ಷಪಾತ ಇರಬಹುದೆಂದು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಅಭಿಪ್ರಾಯ ಪತ್ರ ಅಳೆದದ್ದು ಊಟ, ಕೊಠಡಿ ಮತ್ತು ಉಪನ್ಯಾಸಕರ ಸೌಜನ್ಯವನ್ನು. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ನೋಡಬೇಕೆಂದರು: ಬಂದವರಿಗೆ ಹಿಡಿಸಿತೇ, ಅವರು ಕಲಿತರೇ, ಕೆಲಸದ ಜಾಗದಲ್ಲಿ ಅವರ ನಡವಳಿಕೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಏನು ದಕ್ಕಿತು. ಮೊದಲನೆಯದನ್ನು ಅಳೆಯಲು ಒಂದು ಹಾಳೆ ಸಾಕು. ಮೂರನೆಯದನ್ನು ಅಳೆಯಬೇಕಾದರೆ ಯಾರಾದರೂ ಶಾಖೆಗೆ ಹೋಗಿ ಕೌಂಟರಿನ ಹಿಂದೆ ಕುಳಿತು ನೋಡಬೇಕಾಗುತ್ತದೆ. ಹೆಚ್ಚಿನ ಸಂಸ್ಥೆಗಳು ಮೊದಲನೆಯದಕ್ಕೇ ನಿಲ್ಲುವುದು ಈ ಶ್ರಮದ ಭಯದಿಂದ. ತರಬೇತಿ ಹಿಡಿಸಿತೆಂದ ಮಾತ್ರಕ್ಕೆ ಕೆಲಸ ಬದಲಾಗುತ್ತದೆಂದು ಹೇಳುವಂತಿಲ್ಲ.

ಎರಡನೆಯ ವಿಷಯ ಇನ್ನೂ ಮುಖ್ಯವಾದದ್ದು. ಬಾಲ್ಡ್‌ವಿನ್ ಮತ್ತು ಫೋರ್ಡ್ ಎಂಬ ಇಬ್ಬರು ವಿದ್ವಾಂಸರು 1988ರಲ್ಲಿ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಕಲೆಹಾಕಿ, ಕಲಿತದ್ದು ಕೆಲಸಕ್ಕೆ ಇಳಿಯುವುದು ಮೂರು ಸಂಗತಿಗಳನ್ನು ಅವಲಂಬಿಸಿದೆ ಎಂದು ತೋರಿಸಿದರು: ಕಲಿಯುವವನ ಶಕ್ತಿ ಮತ್ತು ಆಸಕ್ತಿ, ತರಬೇತಿಯ ರಚನೆ, ಹಾಗೂ ಮರಳಿ ಹೋದ ಮೇಲೆ ಅಲ್ಲಿ ಸಿಗುವ ಬೆಂಬಲ ಮತ್ತು ಬಳಸುವ ಅವಕಾಶ. ನಾವು ಹಣವನ್ನೆಲ್ಲ ಸುರಿಯುವುದು ನಡುವಿನದರ ಮೇಲೆ. ಕೊನೆಯದಕ್ಕೆ ಹಣ ಬೇಕಿಲ್ಲ, ಮೇಲಧಿಕಾರಿಯ ಸಮಯ ಬೇಕು, ಅದು ಸಿಗುವುದಿಲ್ಲ. ನಿಮ್ಮ ಗುಮಾಸ್ತರು ಮರಳಿ ಬಂದ ಮರುದಿನ ಹೊಸ ತಂತ್ರಾಂಶ ಶಾಖೆಗಳಲ್ಲಿ ಚಾಲೂ ಇತ್ತೇ? ಇಲ್ಲದಿದ್ದರೆ ಎಷ್ಟು ಕಾಲ ಕಾಯಬೇಕಾಯಿತು?

ಇಲ್ಲೊಂದು ಎಚ್ಚರಿಕೆ. ತರಬೇತಿಗೆ ಸುರಿದ ಹಣದಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರ ಕೆಲಸದಲ್ಲಿ ಕಾಣಿಸುತ್ತದೆ ಎಂಬ ಅಂಕಿಯನ್ನು ಯಾರಾದರೂ ನಿರ್ದೇಶಕರು ನಿಮ್ಮ ಮುಂದಿಟ್ಟರೆ ನಂಬಬೇಡಿ. ಅದು 1982ರ ಒಂದು ಲೇಖನದಲ್ಲಿ ಊಹೆಯ ಮಾತಾಗಿ ಬಂದದ್ದು. ಅದರ ಹಿಂದೆ ಯಾವ ಅಳತೆಯೂ ಇರಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಉದ್ಧರಿಸುತ್ತ ಹೋಗಿ ಅದು ಸಂಶೋಧನೆಯ ಫಲಿತಾಂಶದಂತೆ ಓಡಾಡುತ್ತಿದೆ.

ಕುಂಬಳೆ ಸಹಕಾರಿ

ಉಪ್ಪಳದವರ ಪ್ರಶ್ನೆಗೆ ಉತ್ತರ: ತರಬೇತಿ ನಡೆದದ್ದು ಮಳೆಗಾಲದ ಆರಂಭದಲ್ಲಿ, ತಂತ್ರಾಂಶ ಎಲ್ಲ ಶಾಖೆಗಳಲ್ಲಿ ಚಾಲೂ ಆದದ್ದು ಓಣಂ ರಜೆ ಕಳೆದ ಮೇಲೆ. ನಡುವೆ ಅವರೆಲ್ಲ ಹಳೆಯ ತಂತ್ರಾಂಶದಲ್ಲೇ ಕೆಲಸ ಮಾಡಿದರು.

ಉಪ್ಪಳ ನಿತ್ಯಪ್ರಯಾಣಿಕ

ಹಾಗಾದರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರವಿದೆ. ಮರೆವಿನ ವೇಗವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್, 1885ರಲ್ಲಿ. ಅವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡದ್ದು ಅರ್ಥವಿಲ್ಲದ ಅಕ್ಷರಜೋಡಣೆಗಳನ್ನು ಬಾಯಿಪಾಠ ಮಾಡುವುದರ ಮೂಲಕ. ಆದ್ದರಿಂದ ಅವರ ಅಂಕಿಗಳನ್ನು ಕಚೇರಿ ಕೆಲಸಕ್ಕೆ ನೇರವಾಗಿ ಅಂಟಿಸುವುದು ಸರಿಯಲ್ಲ. ಆದರೂ ಬಳಸದೆ ಬಿಟ್ಟದ್ದು ಮೊದಲ ದಿನಗಳಲ್ಲೇ ಅತಿ ಹೆಚ್ಚು ಮರೆತುಹೋಗುತ್ತದೆ, ಬಿಡುವು ಕೊಟ್ಟು ಕೊಟ್ಟು ಮತ್ತೆ ಮಾಡಿದರೆ ಉಳಿಯುತ್ತದೆ ಎಂಬ ಎರಡು ಸಂಗತಿಗಳು ಆಮೇಲಿನ ನೂರಾರು ಪ್ರಯೋಗಗಳಲ್ಲಿ ದೃಢಪಟ್ಟಿವೆ. ಮಳೆಗಾಲದ ಆರಂಭದಲ್ಲಿ ಪರದೆಯ ಮೇಲೆ ನೋಡಿದ್ದನ್ನು ಓಣಂ ಕಳೆದ ಮೇಲೆ ಗ್ರಾಹಕರ ಸಾಲಿನ ಮುಂದೆ ನೆನಪಿಸಿಕೊಳ್ಳಬೇಕೆಂದರೆ ಯಾರಿಗಾದರೂ ಕಷ್ಟ.

ಮುಳ್ಳೇರಿಯ ಅಂಗನವಾಡಿ

ಉಪ್ಪಳದವರು ಹೇಳಿದ ಮೂರು ಸಂಗತಿಗಳಲ್ಲಿ ನಮ್ಮ ಜಿಲ್ಲೆಗೆ ವಿಶೇಷವಾಗಿ ಸೇರಿದ ಒಂದು ಬಿಟ್ಟುಹೋಗಿದೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಸರಕಾರಿ ಮತ್ತು ಅರೆಸರಕಾರಿ ನೌಕರರಿಗೆ ತರಬೇತಿ ಸಿಗುವುದು ಬಹುಮಟ್ಟಿಗೆ ಮಲೆಯಾಳದಲ್ಲಿ. ನಮ್ಮಲ್ಲಿ ಯಾರೂ ತರಬೇತಿ ಎನ್ನುವುದಿಲ್ಲ, ‘ಕ್ಲಾಸ್ ಉಂಟು’ ಎನ್ನುತ್ತಾರೆ. ಕ್ಲಾಸಿಗೆ ಬಂದ ಕನ್ನಡಿಗರಲ್ಲಿ ಮಲೆಯಾಳ ಮಾತನಾಡಲು ಬಾರದವರು ಕಡಿಮೆ. ತೊಂದರೆ ಇರುವುದು ಓದಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರು ಪೇಟೆಯಲ್ಲಿ, ಬಸ್ಸಿನಲ್ಲಿ ಮಲೆಯಾಳ ಸಲೀಸಾಗಿ ಆಡುತ್ತಾರೆ. ಹತ್ತು ಪುಟದ ಕೈಪಿಡಿಯನ್ನು ಕೊಟ್ಟು ‘ಮನೆಯಲ್ಲಿ ಓದಿಕೊಳ್ಳಿ’ ಎಂದರೆ ಅದು ಕಪಾಟಿಗೆ ಸೇರುತ್ತದೆ. ಕೊನೆಯಲ್ಲಿ ‘ಸಂಶಯ ಉಂಟೇ’ ಎಂದು ಕೇಳಿದಾಗ, ವ್ಯಾಕರಣ ತಪ್ಪಿದರೆ ಹಿಂದಿನ ಸಾಲಿನವರು ನಗುತ್ತಾರೆಂಬ ಅಳುಕಿನಿಂದ ನಮ್ಮವರು ಸುಮ್ಮನಿರುತ್ತಾರೆ. ವರದಿಯಲ್ಲಿ ಯಾರಿಗೂ ಸಂಶಯ ಇರಲಿಲ್ಲ ಎಂದಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮಕ್ಕಳ ಬೆಳವಣಿಗೆಯನ್ನು ಅಳೆಯುವಾಗ ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಎರಡು ದಾಟಿದ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಎರಡು ಅಳತೆಗಳ ನಡುವೆ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಹಟಮಾಡುವ ಮಗುವನ್ನು ಮಲಗಿಸಲಾಗದೆ ನಿಲ್ಲಿಸಿ ಅಳೆದು ಹಾಗೆಯೇ ಬರೆದರೆ ಮಗು ಇರುವುದಕ್ಕಿಂತ ಗಿಡ್ಡವೆಂದು ದಾಖಲಾಗುತ್ತದೆ; ತಾಯಿ ಸುಮ್ಮನೆ ಗಾಬರಿಪಡುತ್ತಾಳೆ. ಕ್ಲಾಸಿನಲ್ಲಿ ಇದು ಒಂದು ಸ್ಲೈಡಿನಲ್ಲಿ ಬಂದು ಹೋಯಿತು. ನಮಗೆಲ್ಲ ಅರ್ಥವಾದದ್ದು ಆಮೇಲೆ, ನಮ್ಮ ಮಾಸಿಕ ಸಭೆಯಲ್ಲಿ ಹಿರಿಯ ಕಾರ್ಯಕರ್ತೆಯೊಬ್ಬರು ಅಳತೆಹಲಗೆಯನ್ನು ನೆಲದ ಮೇಲಿಟ್ಟು, ಒಂದು ಮಗುವನ್ನು ಮಲಗಿಸಿ, ಮೊಣಕಾಲನ್ನು ಎಷ್ಟು ಒತ್ತಬೇಕು, ತಲೆಯನ್ನು ಯಾರು ಹಿಡಿಯಬೇಕು ಎಂದು ತುಳು ಕನ್ನಡ ಬೆರೆಸಿ ತೋರಿಸಿದಾಗ. ಆ ಸಭೆಯಲ್ಲಿ ಪ್ರಶ್ನೆ ಕೇಳದವರೇ ಇರಲಿಲ್ಲ. ಅಲ್ಲಿಂದ ನಂತರ ಅಳತೆಯ ದಿನವನ್ನು ಮುಂದೂಡುವ ಅಭ್ಯಾಸವೂ ನಮ್ಮಲ್ಲಿ ಕಡಿಮೆಯಾಯಿತು; ಗೊತ್ತಿಲ್ಲದ ಕೆಲಸವನ್ನು ಮುಂದೂಡುವುದು ಎಲ್ಲರ ಸ್ವಭಾವ, ಅದನ್ನು ಮೇಲಿನವರು ಸೋಮಾರಿತನವೆಂದು ಬರೆದುಕೊಳ್ಳುತ್ತಾರೆ.

ಹೊಸೂರು ಯಂತ್ರಶಾಲೆ

ಹೊಸೂರಿನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ನಾನು ಮೇಲ್ವಿಚಾರಕ. ಮುಳ್ಳೇರಿಯದವರು ಭಾಷೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಅವರು ಕೊಟ್ಟ ಮಹತ್ವವನ್ನು ಪೂರ್ತಿ ಒಪ್ಪಲಾರೆ. ನಮ್ಮ ಒಂದೇ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು ಆಡುವವರಿದ್ದಾರೆ. ಈಚೆಗೆ ಬಿಹಾರ, ಒಡಿಶಾ ಕಡೆಯವರೂ ಬಂದಿದ್ದಾರೆ. ಎಲ್ಲರ ಭಾಷೆಯಲ್ಲಿ ಕೈಪಿಡಿ ಮಾಡುವುದು ಸಾಧ್ಯವೇ ಇಲ್ಲ. ಆದರೂ ಹೊಸಬರು ಕೆಲಸ ಕಲಿಯುತ್ತಾರೆ, ಏಕೆಂದರೆ ಕಲಿಸುವ ಕ್ರಮವೊಂದಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಕೆಲಸಗಾರರು ಏಕಾಏಕಿ ತುಂಬಿಕೊಂಡಾಗ ಅಲ್ಲಿನ ಸರಕಾರ ಮೇಲ್ವಿಚಾರಕರಿಗೆ ಕಲಿಸುವುದನ್ನು ಕಲಿಸುವ ಕಾರ್ಯಕ್ರಮವೊಂದನ್ನು 1940ರಲ್ಲಿ ಆರಂಭಿಸಿತು. ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಎಂದು ಅದನ್ನು ಕರೆಯುತ್ತಾರೆ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಅದು ಮರೆಯಾಯಿತು. ಜಪಾನ್ ಅದನ್ನು ಎತ್ತಿಕೊಂಡಿತು, ಟೊಯೋಟಾ ಅದನ್ನು ಬೆಳೆಸಿತು, ಅಲ್ಲಿಂದ ಸುತ್ತಿಬಳಸಿ ನಮ್ಮ ಹೊಸೂರಿಗೂ ಬಂದಿದೆ. ಮೊದಲು ಕಲಿಯುವವನ ಅಳುಕು ಕಳೆದು ಅವನಿಗೆ ಈಗಾಗಲೇ ಏನು ಗೊತ್ತೆಂದು ತಿಳಿದುಕೊಳ್ಳಬೇಕು. ಆಮೇಲೆ ಕೆಲಸವನ್ನು ಮಾಡಿ ತೋರಿಸಬೇಕು, ಒಂದೊಂದು ಹೆಜ್ಜೆಯಲ್ಲಿ ಕೈ ಎಲ್ಲಿ ತಪ್ಪುತ್ತದೆ, ಏಕೆ ಹಾಗೆ ಮಾಡಬೇಕು ಎಂಬುದರ ಸಮೇತ. ಬಳಿಕ ಅವನಿಂದಲೇ ಮಾಡಿಸಿ, ಮಾಡುತ್ತ ಅವನೇ ವಿವರಿಸುವಂತೆ ಕೇಳಬೇಕು. ಕೊನೆಗೆ ಅವನನ್ನು ಕೆಲಸಕ್ಕೆ ಬಿಟ್ಟು, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ಹೆಸರು ಹೇಳಿ, ಮೊದಮೊದಲು ಮೇಲಿಂದ ಮೇಲೆ, ಕ್ರಮೇಣ ಅಪರೂಪವಾಗಿ ಹೋಗಿ ನೋಡಬೇಕು. ಕಲಿಯುವವನು ಕಲಿಯದಿದ್ದರೆ ಕಲಿಸುವವನು ಕಲಿಸಿಲ್ಲವೆಂದೇ ಲೆಕ್ಕ ಎಂಬುದು ಆ ಕಾರ್ಯಕ್ರಮದ ಘೋಷಣೆಯಾಗಿತ್ತು. ನಮ್ಮ ಹಲವು ಮೇಲ್ವಿಚಾರಕರಿಗೆ ಇಂದಿಗೂ ಈ ಮಾತು ರುಚಿಸುವುದಿಲ್ಲ.

ಕುಂಬಳೆಯವರ ಸಂಗತಿಯಲ್ಲಿ ನಡೆದದ್ದು ಎರಡನೆಯ ಹೆಜ್ಜೆ ಮಾತ್ರ. ಮೂರನೆಯದು ಅರೆಬರೆ, ಮೊದಲನೆಯದೂ ಕೊನೆಯದೂ ಇಲ್ಲವೇ ಇಲ್ಲ. ಕೊನೆಯದನ್ನು ಹೊರಗಿನ ಸಂಸ್ಥೆ ಮಾಡಲಾರದು. ಶಾಖಾ ವ್ಯವಸ್ಥಾಪಕರೇ ಮಾಡಬೇಕು. ಅವರಿಗೆ ಕಲಿಸಲು ಬರುತ್ತದೆಯೇ ಎಂದು ಯಾರಾದರೂ ಕೇಳಿದ್ದಾರೆಯೇ?

ಮುಳ್ಳೇರಿಯ ಅಂಗನವಾಡಿ

ಹೊಸೂರಿನವರಿಗೆ: ಬೋಲ್ಟು ಬಿಗಿಯುವುದನ್ನು ಕೈಸನ್ನೆಯಿಂದ ತೋರಿಸಬಹುದು, ಬಡ್ಡಿ ಸಹಾಯಧನದ ನಿಯಮವನ್ನಾಗಲಿ, ಗರ್ಭಿಣಿಗೆ ಹೇಳಬೇಕಾದ ಸಲಹೆಯನ್ನಾಗಲಿ ತೋರಿಸಲಾಗದು. ನೀವು ಹೇಳಿದ ಮೂರನೆಯ ಹೆಜ್ಜೆಯಲ್ಲೇ ಕಲಿಯುವವನು ಬಾಯಿಬಿಟ್ಟು ವಿವರಿಸಬೇಕೆಂದಿದೆ. ಯಾವ ಭಾಷೆಯಲ್ಲಿ?

ಹೊಸೂರು ಯಂತ್ರಶಾಲೆ

ನ್ಯಾಯವಾದ ಮಾತು. ಮಾತಿನಿಂದಲೇ ನಡೆಯುವ ಕೆಲಸಗಳಲ್ಲಿ ನಿಮ್ಮ ವಾದ ನಿಲ್ಲುತ್ತದೆ. ನಮ್ಮಲ್ಲೂ ಸುರಕ್ಷತೆಯ ಪಾಠವನ್ನು ಮಾತ್ರ ಆಯಾ ಭಾಷೆ ಬಲ್ಲವರಿಂದಲೇ ಹೇಳಿಸುತ್ತೇವೆ.

ಕಾಸರಗೋಡು ಹಳೆಯ ಸಂಘಟಕ

ನಾನು ನಿವೃತ್ತ ನೌಕರ. ನೌಕರರ ಸಂಘಟನೆಯಲ್ಲಿ ಬಹುಕಾಲ ದುಡಿದವನು. ಮೇಲಿನ ವಿದ್ವತ್ಪೂರ್ಣ ಚರ್ಚೆಯ ನಡುವೆ ಒಂದು ಅಪಸ್ವರ ಎತ್ತುತ್ತೇನೆ, ಕ್ಷಮಿಸಬೇಕು. ತರಬೇತಿ ಎಂಬುದು ಆಡಳಿತಕ್ಕೆ ಬಹಳ ಅನುಕೂಲವಾದ ಔಷಧ. ಒಂದು ಶಾಖೆಯಲ್ಲಿ ಮೂವರು ಮಾಡಬೇಕಾದ ಕೆಲಸವನ್ನು ಒಬ್ಬ ಮಾಡುತ್ತಿರುತ್ತಾನೆ. ನಗದು ಎಣಿಸುತ್ತಿರುವಾಗಲೇ ಫೋನ್ ಎತ್ತಬೇಕು, ಅಡವಿಟ್ಟ ಚಿನ್ನವನ್ನು ತೂಗಬೇಕು, ಪಿಂಚಣಿಗೆ ಬಂದ ಅಜ್ಜಿಗೆ ಉತ್ತರ ಹೇಳಬೇಕು. ಸಂಜೆ ಲೆಕ್ಕದಲ್ಲಿ ತಪ್ಪು ಬಂದರೆ ‘ಇವನಿಗೆ ತರಬೇತಿ ಸಾಲದು’ ಎಂದು ಬರೆಯುತ್ತಾರೆ. ತರಬೇತಿಗೆ ಹೋದ ದಿನಗಳ ಕೆಲಸ ಮೇಜಿನ ಮೇಲೆ ರಾಶಿ ಬಿದ್ದಿರುತ್ತದೆ, ಅದನ್ನು ಮುಗಿಸಲು ಭಾನುವಾರವೂ ಬರಬೇಕು. ಇಂಥ ತರಬೇತಿಯಿಂದ ಆಸ್ಥೆ ಹೆಚ್ಚುತ್ತದೆಂದು ಯಾರು ಹೇಳುತ್ತಾರೆ?

ಇನ್ನೊಂದು: ತರಬೇತಿಯಿಂದ ಕೆಲಸ ಹೆಚ್ಚು ನಡೆದರೆ ಅದರ ಲಾಭ ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಎತ್ತಿಲ್ಲ.

ಉಪ್ಪಳ ನಿತ್ಯಪ್ರಯಾಣಿಕ

ಸಂಘಟಕರ ಮೊದಲ ಮಾತನ್ನು ನನ್ನ ವೃತ್ತಿಯವರೇ ಒಪ್ಪುತ್ತಾರೆ. ತರಬೇತಿ ಕ್ಷೇತ್ರದಲ್ಲಿ ಹೆಸರಾದ ರಾಬರ್ಟ್ ಮೇಗರ್ ಒಂದು ಸರಳ ಪರೀಕ್ಷೆ ಹೇಳಿದ್ದರು: ಪ್ರಾಣಕ್ಕೇ ಸಂಚಕಾರ ಬಂದರೆ ಈ ನೌಕರ ಈ ಕೆಲಸವನ್ನು ಸರಿಯಾಗಿ ಮಾಡಬಲ್ಲನೇ? ಮಾಡಬಲ್ಲನೆಂದಾದರೆ ಅವನಿಗೆ ತರಬೇತಿ ಬೇಕಿಲ್ಲ. ಕೊರತೆ ಸಮಯದಲ್ಲೋ, ಸಲಕರಣೆಯಲ್ಲೋ, ವ್ಯವಸ್ಥೆಯಲ್ಲೋ ಇದೆ. ಕುಂಬಳೆಯವರು ತಿದ್ದುಪಡಿ ನಮೂದುಗಳನ್ನು ಒಂದೊಂದಾಗಿ ತೆಗೆದು ಈ ಪ್ರಶ್ನೆ ಕೇಳಿಕೊಳ್ಳಲಿ. ತಪ್ಪು ಲೆಕ್ಕಶೀರ್ಷಿಕೆ, ಅಂದರೆ ಹಣವನ್ನು ಬರೆಯುವ ಖಾತೆಯ ಹೆಸರು, ಆಯ್ದದ್ದು ಅಜ್ಞಾನದಿಂದಲೋ, ಅಥವಾ ಪರದೆಯ ಮೇಲೆ ಎರಡು ಶೀರ್ಷಿಕೆಗಳು ಒತ್ತೊತ್ತಾಗಿ ಇರುವುದರಿಂದಲೋ? ಎರಡನೆಯದಾದರೆ ತಂತ್ರಾಂಶದವರಿಗೆ ಒಂದು ಪತ್ರ ಬರೆದರೆ ಸಾಕು.

ಬದಿಯಡ್ಕ ಸಂಶೋಧನಾರ್ಥಿ

ಸಂಘಟಕರು ಎತ್ತಿದ ಎರಡನೆಯ ಪ್ರಶ್ನೆಗೆ ನಮ್ಮ ಪಕ್ಕದ ಬೆಂಗಳೂರಿನಿಂದಲೇ ಒಂದು ಗಟ್ಟಿಯಾದ ಅಧ್ಯಯನವಿದೆ. ಅಧ್ವರ್ಯು, ಕಾಲಾ ಮತ್ತು ನ್ಯಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆ ಸಾಲಿನ ಮಹಿಳೆಯರಿಗೆ ನಡೆದ ಪೇಸ್ ಎಂಬ ತರಬೇತಿಯನ್ನು ಪರೀಕ್ಷಿಸಿದರು. ಅದು ಹೊಲಿಗೆಯ ತರಬೇತಿಯೇ ಅಲ್ಲ; ಮಾತುಕತೆ, ಸಮಯದ ನಿರ್ವಹಣೆ, ಹಣದ ಲೆಕ್ಕ, ಸಮಸ್ಯೆ ಎದುರಾದಾಗ ಯೋಚಿಸುವ ಬಗೆ ಇಂಥವುಗಳದ್ದು. ಸೇರಲು ಇಷ್ಟಪಟ್ಟವರಲ್ಲಿ ಯಾರಿಗೆ ಅವಕಾಶ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದರಿಂದ, ಸ್ವಭಾವತಃ ಚುರುಕಾದವರೇ ತರಬೇತಿಗೆ ಹೋದರೆಂಬ ಆಕ್ಷೇಪಕ್ಕೆ ಅಲ್ಲಿ ಎಡೆಯಿಲ್ಲ. ತರಬೇತಿ ಪಡೆದವರ ಉತ್ಪಾದಕತೆ ಗಣನೀಯವಾಗಿ ಏರಿತು. ಅದೇ ಸಾಲಿನಲ್ಲಿ ಕುಳಿತ, ತರಬೇತಿ ಪಡೆಯದ ಸಹೋದ್ಯೋಗಿಗಳ ಕೆಲಸವೂ ಸುಧಾರಿಸಿತು. ತರಬೇತಿ ಮುಗಿದ ಎಂಟು ತಿಂಗಳೊಳಗೆ ಕಾರ್ಖಾನೆಗೆ ಹಾಕಿದ ಹಣದ ಮೇಲೆ ಸುಮಾರು 250 ಶೇಕಡ ನಿವ್ವಳ ಪ್ರತಿಫಲ ಸಿಕ್ಕಿತೆಂದು ಅವರ ಲೆಕ್ಕ. ಕೂಲಿ ಏರಿದ್ದು ಮಾತ್ರ ನಗಣ್ಯ. ಸಂಘಟಕರ ಅನುಮಾನಕ್ಕೂ ನಿರ್ದೇಶಕರ ಅನುಮಾನಕ್ಕೂ ಒಂದೇ ಅಧ್ಯಯನದಲ್ಲಿ ಉತ್ತರವಿದೆ ಎಂದು ನನಗನ್ನಿಸುತ್ತದೆ: ಫಲ ಖಂಡಿತ ಉಂಟು, ಹಂಚಿಕೆ ಖಂಡಿತ ಇಲ್ಲ.

ಆಸ್ಥೆಯ ವಿಷಯಕ್ಕೆ ಬಂದರೆ, ಅದನ್ನು ಮೊದಲು ಕ್ರಮಬದ್ಧವಾಗಿ ವಿಶ್ಲೇಷಿಸಿದ ವಿಲಿಯಂ ಕಾನ್ 1990ರ ತಮ್ಮ ಲೇಖನದಲ್ಲಿ ಮೂರು ಷರತ್ತುಗಳನ್ನು ಹೇಳಿದ್ದಾರೆ. ಮಾಡುವ ಕೆಲಸಕ್ಕೆ ಅರ್ಥವಿದೆಯೆಂದು ಅನ್ನಿಸಬೇಕು, ತಪ್ಪಿದರೆ ಅವಮಾನವಾಗದೆಂಬ ಧೈರ್ಯ ಇರಬೇಕು, ಅದರಲ್ಲಿ ತೊಡಗಲು ದೇಹಕ್ಕೂ ಮನಸ್ಸಿಗೂ ತ್ರಾಣ ಉಳಿದಿರಬೇಕು. ಅವರು ಇದನ್ನು ಕಂಡುಕೊಂಡದ್ದು ಒಂದು ಬೇಸಿಗೆ ಶಿಬಿರದ ಕಾರ್ಯಕರ್ತರನ್ನೂ ಒಂದು ವಾಸ್ತುಶಿಲ್ಪ ಸಂಸ್ಥೆಯ ನೌಕರರನ್ನೂ ಗಮನಿಸಿ. ಮುಳ್ಳೇರಿಯದವರು ವಿವರಿಸಿದ ಮೌನ ಎರಡನೆಯ ಷರತ್ತಿಗೆ ಸೇರಿದ್ದು. ಸಂಘಟಕರು ಹೇಳಿದ ಭಾನುವಾರದ ಕೆಲಸ ಮೂರನೆಯದಕ್ಕೆ. ತರಬೇತಿ ಮುಟ್ಟುವುದು ಹೆಚ್ಚೆಂದರೆ ಮೊದಲನೆಯದನ್ನು. ಉಳಿದ ಎರಡು ಕುಸಿದಿರುವಲ್ಲಿ ಅದೊಂದೇ ಏನು ಮಾಡೀತು?

ಅಕ್ಕಲಕೋಟೆ ಮಗ್ಗ

ನಾನು ಸೊಲ್ಲಾಪುರ ಜಿಲ್ಲೆಯ ಕನ್ನಡಿಗ, ಟವೆಲು ನೇಯುವ ಸಣ್ಣ ಘಟಕದ ಮಾಲಕ. ಕುಂಬಳೆಯವರ ನಿರ್ದೇಶಕರು ಬಾಯಿಬಿಟ್ಟು ಹೇಳದ ಭಯವನ್ನು ನಾನು ಹೇಳುತ್ತೇನೆ. ಹೊಸ ರೇಪಿಯರ್ ಮಗ್ಗ ನಡೆಸಲು ಒಬ್ಬನಿಗೆ ಕಲಿಸಿದೆವೆಂದರೆ ಮರುವರ್ಷ ಅವನು ಪಕ್ಕದ ಘಟಕದಲ್ಲಿರುತ್ತಾನೆ. ಖರ್ಚು ನನ್ನದು, ಲಾಭ ಪಕ್ಕದವನದು. ಇದಕ್ಕೆ ವಿದ್ವಾಂಸರು ಏನು ಹೇಳುತ್ತಾರೆ?

ಬದಿಯಡ್ಕ ಸಂಶೋಧನಾರ್ಥಿ

ಇದನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲೇ ಚರ್ಚಿಸಿದ್ದಾರೆ. ಎಲ್ಲಿ ಹೋದರೂ ಬಳಕೆಗೆ ಬರುವ ವಿದ್ಯೆಯ ಖರ್ಚನ್ನು ಕಡಿಮೆ ಸಂಬಳದ ರೂಪದಲ್ಲಿ ಕೆಲಸಗಾರನೇ ಹೊರುತ್ತಾನೆ, ಒಂದೇ ಸಂಸ್ಥೆಗೆ ಸೀಮಿತವಾದ ವಿದ್ಯೆಯ ಖರ್ಚನ್ನು ಸಂಸ್ಥೆ ಮತ್ತು ಕೆಲಸಗಾರ ಹಂಚಿಕೊಳ್ಳುತ್ತಾರೆ ಎಂಬುದು ಅವರ ವಾದ. ಮುಂದೆ ಅಸೆಮೊಗ್ಲು ಮತ್ತು ಪಿಷ್ಕೆ ಎಂಬವರು ಕೆಲಸ ಮಾಡುತ್ತಲೇ ಕಸುಬು ಕಲಿಯುವ ಜರ್ಮನಿಯ ಶಿಶಿಕ್ಷು (ಅಪ್ರೆಂಟಿಸ್) ಪದ್ಧತಿಯನ್ನು ಮುಂದಿಟ್ಟು, ಸಂಸ್ಥೆಗಳು ಸಾಮಾನ್ಯ ವಿದ್ಯೆಗೂ ಹಣ ಹಾಕುವುದುಂಟು ಎಂದು 1998ರಲ್ಲಿ ತೋರಿಸಿದರು. ತಾನು ಕಲಿಸಿದವನ ನಿಜವಾದ ಸಾಮರ್ಥ್ಯ ಮೊದಲು ತಿಳಿಯುವುದು ತನಗೇ, ಹೊರಗಿನವರಿಗಲ್ಲ ಎಂಬುದು ಅದಕ್ಕೊಂದು ಕಾರಣ. ನಿಮ್ಮ ಊರಿನಲ್ಲಿ ಎರಡು ಘಟಕಗಳ ನಡುವೆ ಒಂದು ಗೋಡೆ ಮಾತ್ರ ಇರುವುದರಿಂದ ಆ ಅನುಕೂಲ ನಿಮಗೆ ಇಲ್ಲದಿರಬಹುದು. ಆದರೆ ಬೆಂಗಳೂರಿನ ಅಧ್ಯಯನದಲ್ಲಿ ತರಬೇತಿ ಪಡೆದವರು ಬೇರೆಯವರಿಗಿಂತ ಹೆಚ್ಚಾಗಿ ಬಿಟ್ಟುಹೋದರೆಂಬುದು ಕಂಡುಬಂದಿಲ್ಲ.

ನಿಮ್ಮದೇ ಕಸುಬಿನ ಇನ್ನೊಂದು ಉದಾಹರಣೆ ಮುಂಬಯಿ ಸಮೀಪದ್ದು. ಅಲ್ಲಿನ ಬಟ್ಟೆ ಗಿರಣಿಗಳಿಗೆ ಸಲಹೆಗಾರರನ್ನು ಪುಕ್ಕಟೆಯಾಗಿ ಕಳುಹಿಸಿ ದಾಸ್ತಾನು, ಗುಣಮಟ್ಟ, ಯಂತ್ರ ದುರಸ್ತಿಗಳ ದಾಖಲೆ ಇಡುವ ಕ್ರಮಗಳನ್ನು ಕಲಿಸಿದಾಗ ಮೊದಲ ವರ್ಷದಲ್ಲೇ ಉತ್ಪಾದಕತೆ 17 ಶೇಕಡ ಏರಿತೆಂದು ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಅದಕ್ಕಿಂತಲೂ ಕುತೂಹಲಕರವಾದದ್ದು ಅವರು ವರ್ಷಗಳ ಬಳಿಕ ಮತ್ತೆ ಹೋಗಿ ನೋಡಿದಾಗ ಕಂಡದ್ದು: ಅಳವಡಿಸಿಕೊಂಡ ಕ್ರಮಗಳಲ್ಲಿ ಹತ್ತಿರಹತ್ತಿರ ಅರ್ಧ ಬಿಟ್ಟುಹೋಗಿದ್ದವು. ವ್ಯವಸ್ಥಾಪಕರು ಬದಲಾದದ್ದು ಮತ್ತು ಮಾಲಕರು ಸಮಯ ಕೊಡದಿದ್ದದ್ದು ಅದಕ್ಕೆ ಮುಖ್ಯ ಕಾರಣಗಳಾಗಿದ್ದವು. ಉಳಿದ ಅರ್ಧದಿಂದಲೇ ಆ ಗಿರಣಿಗಳು ಇತರ ಗಿರಣಿಗಳಿಗಿಂತ ಮುಂದಿದ್ದವು ಎಂಬುದನ್ನೂ ಹೇಳಬೇಕು.

ಪೆರ್ಲ ತೋಟದವ

ನಮ್ಮಂಥ ಕೃಷಿಕರಿಗೂ ಈ ಚರ್ಚೆಯಲ್ಲಿ ಸ್ಥಾನವಿದೆಯೆಂದು ಭಾವಿಸಿ ಬರೆಯುತ್ತಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರನ್ನು ನೋಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕೊನೆಗೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ ಎಂಬುದನ್ನೂ ಹೇಳಿಕೊಟ್ಟಿರುತ್ತಾರೆ. ಆದರೆ ತಾಮ್ರ ಉಳಿದರೆ ಎಳೆಯ ಹಿಂಗಾರ ಸುಟ್ಟುಹೋಗುತ್ತದೆ, ಅದಕ್ಕಾಗಿ ಈ ಪರೀಕ್ಷೆ ಎಂದು ಕಾರಣ ತಿಳಿದವನು ಮಾತ್ರ ಮಳೆ ಬರುವ ಆತುರದಲ್ಲೂ ಕತ್ತಿ ಅದ್ದುತ್ತಾನೆ. ಕಾರಣ ತಿಳಿಯದವನು ಯಜಮಾನ ಹತ್ತಿರವಿದ್ದಾಗ ಮಾತ್ರ ಅದ್ದುತ್ತಾನೆ. ಕಾರಣ ಗೊತ್ತಿರುವ ಕೆಲಸಗಾರ ಸುಣ್ಣ ಹಳತಾಗಿದೆಯೆಂದು ತಾನಾಗಿ ಬಂದು ಹೇಳುವುದನ್ನೂ ಕಂಡಿದ್ದೇನೆ. ಆಸ್ಥೆ ಎಂದು ನೀವೆಲ್ಲ ಹೇಳುತ್ತಿರುವುದು ಇದನ್ನೇ ಅಲ್ಲವೇ?

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯುವಕರಿಗೆ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿ ಆರಂಭಿಸಿದಾಗ ಹೆಂಗಸರೂ ಕಲಿತರು. ಕಲಿಸಿದ್ದು ಮರದ ಬುಡದಲ್ಲಿ. ಏಣಿಯಂತ್ರವನ್ನೂ ಕೈಗೆ ಕೊಟ್ಟರು, ವಿಮೆಯನ್ನೂ ಜೋಡಿಸಿದರು. ಯಂತ್ರವಿಲ್ಲದೆ ಪ್ರಮಾಣಪತ್ರ ಮಾತ್ರ ಕೊಟ್ಟಿದ್ದರೆ ಎಷ್ಟು ಮಂದಿ ಮರ ಹತ್ತುತ್ತಿದ್ದರೆಂದು ಹೇಳಬೇಕಿಲ್ಲ.

ಕಾಸರಗೋಡು ಹಳೆಯ ಸಂಘಟಕ

ತೋಟದವರ ಮಾತು ನನಗೆ ಹಿಡಿಸಿತು. ಕಾರಣ ಹೇಳಿಕೊಡುವುದೆಂದರೆ ಪ್ರಶ್ನೆ ಕೇಳುವ ಹಕ್ಕನ್ನೂ ಕೊಟ್ಟಂತೆ. ಅದಕ್ಕೆ ಸಿದ್ಧವಿರುವ ಆಡಳಿತಗಳು ಎಷ್ಟಿವೆ ಎಂಬುದು ಬೇರೆ ಮಾತು. ತರಬೇತಿಯನ್ನು ಶಿಕ್ಷೆಯ ರೂಪದಲ್ಲಿ, ತಪ್ಪು ಮಾಡಿದವರ ಹೆಸರನ್ನೇ ಆರಿಸಿ ಪಟ್ಟಿಮಾಡಿ ಕೊಡುವುದನ್ನು ಮೊದಲು ನಿಲ್ಲಿಸಲಿ. ಆ ಪಟ್ಟಿಯಲ್ಲಿ ಹೆಸರು ಬಂದವನು ಕಲಿಯಲು ಹೋಗುವುದಿಲ್ಲ, ತಲೆತಗ್ಗಿಸಿ ಕುಳಿತು ಬರಲು ಹೋಗುತ್ತಾನೆ.

ಕುಂಬಳೆ ಸಹಕಾರಿ

ಎಲ್ಲರಿಗೂ ಕೃತಜ್ಞತೆಗಳು. ಉಪ್ಪಳದವರ ಸಲಹೆಯಂತೆ ಹಿಂದಿನ ತಿಂಗಳುಗಳ ತಿದ್ದುಪಡಿ ನಮೂದುಗಳನ್ನು ವಿಂಗಡಿಸಿ ನೋಡಿದೆ. ಅವುಗಳಲ್ಲಿ ದೊಡ್ಡ ಪಾಲು ಎರಡೇ ಬಗೆಯವು: ಸಾಲದ ನವೀಕರಣದ ವೇಳೆ ತಪ್ಪು ಶೀರ್ಷಿಕೆ ಆಯ್ದದ್ದು ಮತ್ತು ಅವಧಿಗೆ ಮುನ್ನ ಮುಚ್ಚಿದ ಠೇವಣಿಯ ಬಡ್ಡಿ. ಮೊದಲನೆಯದು ಪರದೆಯ ದೋಷವೇ, ತಂತ್ರಾಂಶದವರಿಗೆ ಬರೆದಿದ್ದೇನೆ. ಎರಡನೆಯದು ನಿಜಕ್ಕೂ ತಿಳಿಯದೆ ಆಗುತ್ತಿರುವುದು. ಬೇಡಿಕೆಯನ್ನು ಹೀಗೆ ಕುಗ್ಗಿಸಿ ಮುಂದಿಟ್ಟಾಗ ನಿರ್ದೇಶಕರ ಸ್ವರ ಬದಲಾಯಿತು. ಹೊರಗಿನ ವಸತಿ ತರಬೇತಿ ಬೇಡ, ಬಡ್ಡಿ ಲೆಕ್ಕದಲ್ಲಿ ಕೈಪಳಗಿದ ನಮ್ಮದೇ ಇಬ್ಬರು ಹಿರಿಯ ಗುಮಾಸ್ತರು ಶಾಖೆಗಳಿಗೆ ಹೋಗಿ ಕೌಂಟರಿನಲ್ಲೇ ಕಲಿಸಲಿ ಎಂದು ತಾತ್ವಿಕವಾಗಿ ಒಪ್ಪಿದ್ದಾರೆ. ಮಾದರಿ ಲೆಕ್ಕಗಳ ಎರಡು ಪುಟದ ಹಾಳೆ ಕನ್ನಡದಲ್ಲೂ ಮಲೆಯಾಳದಲ್ಲೂ ಇರುತ್ತದೆ. ಆ ಇಬ್ಬರಿಗೆ ಭತ್ಯೆ ಕೊಡುವ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಕಲಿಸುವುದೂ ಅವರ ಕೆಲಸದ ಭಾಗವೇ ಎಂದು ಒಬ್ಬ ನಿರ್ದೇಶಕರ ವಾದ.

ಹೊಸೂರು ಯಂತ್ರಶಾಲೆ

ಭತ್ಯೆಗಿಂತ ಮೊದಲು ಸಮಯ ಕೊಡಿಸಿ. ಕಲಿಸಲು ಹೋದ ದಿನ ಅವರ ಮೇಜಿನ ಕೆಲಸವನ್ನು ಬೇರೆಯವರು ನೋಡಿಕೊಳ್ಳಬೇಕೆಂದು ಲಿಖಿತ ಆದೇಶವಾಗಲಿ. ಹಾಗಾಗದಿದ್ದರೆ ಎರಡನೆಯ ಶಾಖೆಗೆ ಹೋಗುವಷ್ಟರಲ್ಲಿ ಅವರೇ ಬೇಸತ್ತಿರುತ್ತಾರೆ. ಶಾಖಾ ವ್ಯವಸ್ಥಾಪಕರನ್ನೂ ಅದೇ ಕೌಂಟರಿನ ಬಳಿ ಕೂರಿಸಿ. ಮುಂದಿನ ತಿಂಗಳು ಹೋಗಿ ನೋಡಬೇಕಾದವರು ಅವರು.

ಉಪ್ಪಳ ನಿತ್ಯಪ್ರಯಾಣಿಕ

ಎಲ್ಲ ಶಾಖೆಗಳಲ್ಲಿ ಒಮ್ಮೆಲೇ ಆರಂಭಿಸಬೇಡಿ. ಯಾವ ಶಾಖೆಗಳಲ್ಲಿ ಮೊದಲು, ಯಾವುವುಗಳಲ್ಲಿ ಆಮೇಲೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಎರಡೂ ಗುಂಪುಗಳ ತಿದ್ದುಪಡಿ ನಮೂದುಗಳನ್ನು ಒಂದೇ ಅವಧಿಯಲ್ಲಿ ಎಣಿಸಿ. ಮಾರ್ಚ್ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ವರ್ಷಾಂತ್ಯದ ಒತ್ತಡದಲ್ಲಿ ಎಲ್ಲರ ತಪ್ಪುಗಳೂ ಏರುತ್ತವೆ. ಈ ಎಣಿಕೆಯನ್ನು ಯಾರ ಬಡ್ತಿಗೂ ಜೋಡಿಸುವುದಿಲ್ಲವೆಂದು ಮೊದಲೇ ಸುತ್ತೋಲೆ ಹೊರಡಿಸಿ. ಜೋಡಿಸುತ್ತಾರೆಂಬ ಗುಮಾನಿ ಬಂದರೂ ಸಾಕು, ತಪ್ಪುಗಳು ದಾಖಲೆಗೆ ಬಾರದೆ ಮರುದಿನದ ವೋಚರಿನಲ್ಲಿ ಸರಿಹೊಂದಿಬಿಡುತ್ತವೆ.

ಮುಳ್ಳೇರಿಯ ಅಂಗನವಾಡಿ

ಕನ್ನಡದ ಹಾಳೆಯ ಕರಡು ಸಿದ್ಧವಾದಾಗ ಅದನ್ನು ಅಚ್ಚಿಗೆ ಕೊಡುವ ಮೊದಲು ತೀರ ಹೊಸಬರಾದ ಒಬ್ಬ ಗುಮಾಸ್ತರಿಗೆ ಓದಲು ಕೊಟ್ಟು, ಅವರು ಎಲ್ಲಿ ತಡೆದರೆಂದು ಗುರುತು ಹಾಕಿಕೊಳ್ಳಿ. ಸುತ್ತೋಲೆಯ ಕನ್ನಡದಲ್ಲಿ ಬರೆದರೆ ಅದೂ ಕಪಾಟಿಗೇ ಹೋಗುತ್ತದೆ.